ಬಾಜೂ ಮನೆಯ ಕೆಮ್ಮು

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಯಾರೂ ನನ್ನನ್ನು ಹುಡುಕಬೇಕಾಗಿರಲಿಲ್ಲ. ಅಟ್ಟದ ಮೇಲಿದ್ದರೂ ಸರಿ, ಹಿತ್ತಲಲ್ಲಿದ್ದರೂ ಸರಿ, ನನ್ನ ಕೆಮ್ಮು ನನಗಿಂತ ಮೊದಲೇ ಹೋಗಿ ನಾನಿರುವ ಜಾಗ ಹೇಳಿಬಿಡುತ್ತಿತ್ತು. ಕಣ್ಣಾಮುಚ್ಚಾಲೆ ಆಟಕ್ಕೆ ಓಣಿಯ ಮಕ್ಕಳು ಎರಡು ದಿನ ನನ್ನನ್ನು ಸೇರಿಸಿಕೊಂಡು ನೋಡಿದರು. ಮೂರನೆಯ ದಿನ ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಕೆಮ್ಮವ್ವಾ, ನೀ ಅಡಗಿದ್ರೂ ಒಂದ, ಅಡಗದಿದ್ರೂ ಒಂದ. ಮನಿಗೆ ಹೋಗು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಮತ್ತೆ ಕೆಮ್ಮು ಬಂತು.

ನಮ್ಮ ಊರು ನೇಸರಗಿಯಿಂದ ನಡೆದು ಹೋಗುವಷ್ಟು ದೂರ. ಮನೆಯ ಮುಂಭಾಗದಲ್ಲಿ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಹಿತ್ತಲು. ಹೊಲದಲ್ಲಿ ಕಡಲೆಯ ರಾಶಿ ಮುಗಿದು ಹೊಟ್ಟು ಮನೆಗೆ ಬರುವ ದಿನಗಳಲ್ಲಿ ನನ್ನ ಕೆಮ್ಮೂ ಬರುತ್ತಿತ್ತು. ಮೊದಲು ಗಂಟಲಲ್ಲಿ ಇರುವೆ ಹರಿದ ಹಾಗೆ. ಆಮೇಲೆ ಸೀನು, ಕಣ್ಣಲ್ಲಿ ನೀರು. ಕೊನೆಗೆ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದ ಹಾಗೆ ಸದ್ದು. ಕಡಲೆಹೊಟ್ಟಿಗೂ ನನ್ನ ಎದೆಗೂ ಸಂಬಂಧವಿರಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಟ್ಟು ಅಂದರೆ ಎತ್ತುಗಳ ವರ್ಷದ ಊಟ. ಅದರಲ್ಲಿ ಕೆಟ್ಟದ್ದು ಏನಿರಲು ಸಾಧ್ಯ?

ಕೆಮ್ಮಿಗೆ ಕಾರಣ ತಂಪು ಎಂದು ಆಯಿ ತೀರ್ಮಾನ ಮಾಡಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವಳ ತೀರ್ಮಾನಕ್ಕೆ ಅಪೀಲು ಇರಲಿಲ್ಲ. ಮಜ್ಜಿಗೆ ಬಂದ್, ಬಾಳೆಹಣ್ಣು ಬಂದ್, ಪೇರಲ ಬಂದ್. ಉಳ್ಳಾಗಡ್ಡಿಯ ರಸಕ್ಕೆ ಬೆಲ್ಲ ಹಾಕಿ ಕುಡಿಸುತ್ತಿದ್ದಳು. ಅಜವಾನ ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಎದೆಗೆ ಶಾಖ ಕೊಡುತ್ತಿದ್ದಳು. ಆ ಬಿಸಿ ಗಂಟಿನ ಘಾಟು ವಾಸನೆ ಈಗಲೂ ನನಗೆ ಇಷ್ಟ. ಆಗ ಮಾತ್ರ ಯಾರಾದರೂ ನನ್ನನ್ನು ಮುಟ್ಟುತ್ತಿದ್ದರು.

ಹೌದು ಮೊಮ್ಮಕ್ಕಳೇ, ಮುಟ್ಟಲು ಜನ ಹೆದರುತ್ತಿದ್ದರು. ಬೈಲಹೊಂಗಲದ ಡಾಕ್ಟರು ಎದೆಯ ಫೋಟೋ ತೆಗೆಸಿ, "ಆ ರೋಗ ಅಲ್ರಿ ಇದು, ಹೆದರಬ್ಯಾಡ್ರಿ" ಅಂದಿದ್ದರು. ಅವರು 'ಆ ರೋಗ' ಅಂದದ್ದು ಕ್ಷಯಕ್ಕೆ. ಆದರೆ ಫೋಟೋ ನಮ್ಮ ಪೆಟ್ಟಿಗೆಯೊಳಗಿತ್ತು, ಕೆಮ್ಮು ಓಣಿಗೆಲ್ಲ ಕೇಳುತ್ತಿತ್ತು. ಜನ ಕೇಳಿದ್ದನ್ನು ನಂಬಿದರು. ನನ್ನ ತಾಟು ಬೇರೆ ಗೂಡಿನಲ್ಲಿ ಇರುತ್ತಿತ್ತು. ನನ್ನ ಹಾಸಿಗೆ ಎಲ್ಲರ ಸಾಲಿನಿಂದ ಆಚೆ, ಗೋಡೆಯ ಮಗ್ಗುಲಿಗೆ. ನಮ್ಮವ್ವ ಕೆಟ್ಟವಳಲ್ಲ. ನನ್ನ ತಾಟನ್ನು ತೊಳೆಯುವಾಗ ಅವಳು ಕಣ್ಣು ಒರೆಸಿಕೊಳ್ಳುವುದನ್ನು ನೋಡಿದ್ದೇನೆ. ಆದರೂ ತಾಟು ಬೇರೆಯೇ ಇತ್ತು.

ಅಕ್ಕ ಒಬ್ಬಳು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ತಾಟಿನಿಂದಲೇ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಅವ್ವ ಗದರಿದರೆ, "ಹೋಗಲಿ ಬಿಡಬೇ, ಇಬ್ರೂ ಕೂಡಿ ಕೆಮ್ಮತೇವಿ, ಭಜನಿ ಆದಂಗ ಆಗತೈತಿ" ಅನ್ನುತ್ತಿದ್ದಳು. ಮ್ಯಾಟ್ರಿಕ್ ಪಾಸಾಗಿ ಎರಡು ವರ್ಷ ಮನೆಯಲ್ಲಿದ್ದಳು. ಓದಬೇಕೆಂಬ ಆಸೆ ಹಾಗೇ ಉಳಿದಿತ್ತು. ಹಳೆಯ ಪುಸ್ತಕಗಳನ್ನು ಜೋಳದ ಚೀಲದ ಹಿಂದೆ ಇಟ್ಟುಕೊಂಡು, ಅವ್ವ ನೀರಿಗೆ ಹೋದಾಗ ತೆಗೆದು ಓದುತ್ತಿದ್ದಳು.

ಹಾಗಿರುವಾಗ ಮುನವಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ. "ಕನ್ಯಾ ಮುಂದ ಓದತೇನಿ ಅಂದ್ರ ಓದಸ್ತೇನಿ" ಎಂದು ಅವನೇ ಹೇಳಿ ಕಳಿಸಿದ್ದನಂತೆ. ಆ ಮಾತು ಕೇಳಿದ ದಿನ ಅಕ್ಕ ಹಿತ್ತಲಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಕುಳಿತು, ಸೊಪ್ಪನ್ನು ಚೆಲ್ಲಿ ಕಡ್ಡಿಯನ್ನು ಬುಟ್ಟಿಗೆ ಹಾಕುತ್ತಿದ್ದಳು. ನಾನು ತೋರಿಸಿದಾಗ ಗಾಬರಿಯಾಗಿ ನಕ್ಕು, "ಯಾರಿಗೂ ಹೇಳಬ್ಯಾಡ" ಅಂದಳು. ಅಷ್ಟು ಸಂತೋಷವಾಗಿದ್ದ ಅಕ್ಕನನ್ನು ನಾನು ಮೊದಲು ನೋಡಿರಲಿಲ್ಲ. ಹಾನೆಸ್ಟ್ಲಿ, ನನಗೆ ಸಣ್ಣ ಭಯವೂ ಆಯಿತು. ಅವಳು ಹೋದರೆ ನನ್ನ ತಾಟಿನಿಂದ ಯಾರು ತಿನ್ನುತ್ತಾರೆ?

ಒಂದು ಭಾನುವಾರ ಅವರು ಕನ್ಯೆ ನೋಡಲು ಬರುವವರಿದ್ದರು. ಬೆಳಿಗ್ಗೆಯಿಂದ ಮನೆ ಮನೆಯಂತಿರಲಿಲ್ಲ. ಅಂಗಳಕ್ಕೆ ಸಗಣಿ ಸಾರಿಸಿ, ಪಡಸಾಲೆಗೆ ಜಮಖಾನೆ ಹಾಸಿ, ಅವ್ವ ಶಿರಾಕ್ಕೆ ರವೆ ಹುರಿಯುತ್ತಿದ್ದಳು. ತುಪ್ಪದ ವಾಸನೆ ಹಿತ್ತಲ ತನಕ ಬರುತ್ತಿತ್ತು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೆಮ್ಮುತ್ತಿದ್ದೆ. ಅಪ್ಪ ಎರಡು ಸಲ ಬಂದು ನನ್ನನ್ನು ನೋಡಿ ಹೋದ. ಮೂರನೆಯ ಸಲ ಬಂದಾಗ ಅವ್ವನ ಕಡೆ ತಿರುಗಿ, "ಇಕಿಗೆ ಏನ ಮಾಡೂದು?" ಅಂದ.

"ಬಾಜೂ ಮನಿಗೆ ಕಳಸೂಣೇನ್ರಿ?" ಪಕ್ಕದ ಮನೆಯ ಕಡೆ ಕೈ ತೋರಿಸಿ ಅವ್ವ ಕೇಳಿದಳು.

"ಕಳಸು. ಕಳಸಿದ್ರ ಸಂಜಿ ಅನ್ನೂದ್ರಾಗ ಊರ ತುಂಬ ಡಂಗುರ ಆಗತೈತಿ, ಕೂಸಿನ್ನ ಮುಚ್ಚಿಟ್ಟು ಕನ್ಯಾ ತೋರಿಸಿದ್ರು ಅಂತ."

ಆಯಿ ಒರಳಿನ ಹತ್ತಿರ ಕುಳಿತವಳು ತಲೆಯೆತ್ತದೆ ಹೇಳಿದಳು: "ಹೊಟ್ಟಿನ ಖೋಲ್ಯಾಗ ಕುಂದರಸ್ರಿ. ಬೆಚ್ಚಗ ಇರತೈತಿ, ತಂಪು ಹತ್ತೂದಿಲ್ಲ. ಒಂದೆರಡು ಸಲ ಕೆಮ್ಮಿದ್ರೂ ಹೊಟ್ಟು ನುಂಗತೈತಿ, ಹೊರಗ ಕೇಳೂದಿಲ್ಲ."

ಅಪ್ಪ ಹಿತ್ತಲ ಕಡೆ ನೋಡಿದ. "ಅದೂ ಖರೇನ" ಅಂದ.

ಅಕ್ಕ ಜಡೆ ಹಾಕಿಕೊಳ್ಳುತ್ತಿದ್ದವಳು ಎದ್ದು ಬಂದಳು. "ಯಪ್ಪಾ, ಬ್ಯಾಡ. ಇಕಿ ಇಲ್ಲೇ ಇರಲಿ. ಏನಾಗತೈತಿ?"

"ಏನಾಗತೈತಿ ಅನ್ನೂದು ನಿನಗ ಗೊತ್ತಿಲ್ಲ. ನಿನ್ನ ಸಲುವಾಗೇ ಮಾಡಾಕತ್ತೇನಿ, ಸುಮ್ನಿರು."

ನಿಜ ಹೇಳಬೇಕೆಂದರೆ ನನಗೆ ದುಃಖವಾಗಲಿಲ್ಲ. ಒಂದು ದೊಡ್ಡ ಕೆಲಸ ನನಗೆ ಒಪ್ಪಿಸಿದ್ದಾರೆ ಅನ್ನಿಸಿತು. ಅಕ್ಕನ ಮದುವೆ ನನ್ನ ಗಂಟಲಲ್ಲಿತ್ತು. ನಾನು ಗಂಟಲ ಚರ್ಮ ಚಿವುಟಿ ಹಿಡಿದು ಅಕ್ಕನಿಗೆ ಆಣೆ ಮಾಡಿದೆ: "ಒಂದ ಸಲನೂ ಕೆಮ್ಮೂದಿಲ್ಲ." ಅವಳು ನನ್ನ ಕೈ ಹಿಡಿದುಕೊಂಡು ಹೋಗಿ ಕೂಡಿಸಿ, ಹೊರಗೆ ಬಂದು ಅವ್ವನಿಗೆ, "ಚಿಲಕ ಹಾಕಬ್ಯಾಡ, ಬಾಗಲಾ ಬರೇ ಮುಂದ ಮಾಡು" ಎಂದು ಹೇಳಿದ್ದು ನನಗೆ ಕೇಳಿಸಿತು.

ಹೊಟ್ಟಿನ ಕೋಣೆ ಹಿತ್ತಲ ತುದಿಯಲ್ಲಿತ್ತು. ಆ ವಾರವಷ್ಟೇ ತುಂಬಿದ ಹೊಟ್ಟು ಜಂತಿಯ ತನಕ ಏರಿತ್ತು. ಬಾಗಿಲ ಹತ್ತಿರ ಒಂದು ಚೀಲ ಹಾಸುವಷ್ಟು ಮಾತ್ರ ಜಾಗ. ಮೇಲಿನ ಬೆಳಕಿಂಡಿಯಿಂದ ಒಂದು ಬಿಸಿಲಕೋಲು ಇಳಿದು ಬಂದು, ಅದರೊಳಗೆ ಧೂಳು ಬಂಗಾರದ ಹುಡಿಯ ಹಾಗೆ ಕುಣಿಯುತ್ತಿತ್ತು. ಎಷ್ಟು ಬ್ಯೂಟಿಫುಲ್ ಆಗಿತ್ತು ಅಂದರೆ ನಾನು ಕೈ ಹಾಕಿ ಅದನ್ನು ಇನ್ನಷ್ಟು ಎಬ್ಬಿಸಿದೆ. ಕಡಲೆಯ ಹುಳಿ ವಾಸನೆ, ಒಣಗಿದ ಎಲೆಯ ವಾಸನೆ, ಇಲಿಗಳ ವಾಸನೆ. ಆಯಿ ಬಾಯಲ್ಲಿಟ್ಟುಕೊಳ್ಳಲು ಜ್ಯೇಷ್ಠಮಧುವಿನ ಕಡ್ಡಿ ಕೊಟ್ಟಿದ್ದಳು. ಅದನ್ನು ಚೀಪುತ್ತ ಕುಳಿತೆ.

ಅಲ್ಲಿ ಹೊರಗಿನ ಸದ್ದೇ ಬರುತ್ತಿರಲಿಲ್ಲ. ಕೋಳಿಯ ಕೂಗು, ಓಣಿಯ ಮಕ್ಕಳ ಗದ್ದಲ, ಅವ್ವನ ಬಳೆ ಎಲ್ಲವನ್ನೂ ಹೊಟ್ಟು ನುಂಗಿತ್ತು. ಲೋಕದಲ್ಲಿ ನಾನೊಬ್ಬಳೇ ಉಳಿದಿದ್ದೇನೆ ಅನ್ನಿಸುವಂಥ ಸೈಲೆನ್ಸ್. ಮುಂದೆ ಕಾನ್ವೆಂಟಿನ ಚಾಪೆಲ್‌ನಲ್ಲಿ ಎಷ್ಟೋ ಸಲ ಮೌನವಾಗಿ ಕುಳಿತಿದ್ದೇನೆ. ಅಲ್ಲಿ ಪಕ್ಕದಲ್ಲಿ ಇನ್ನೊಂದು ಹುಡುಗಿಯ ಉಸಿರಾದರೂ ಇರುತ್ತಿತ್ತು.

ಮೊದಲ ಕೆಮ್ಮನ್ನು ನುಂಗಿದೆ. ಎರಡನೆಯದನ್ನೂ ನುಂಗಿದೆ. ಮೂರನೆಯದಕ್ಕೆ ಲಂಗದ ಅಂಚನ್ನು ಬಾಯೊಳಗೆ ತುರುಕಿಕೊಂಡೆ. ಅಂಚಿಗೂ ಹೊಟ್ಟಿನ ಧೂಳು ಹತ್ತಿತ್ತು. ಆಮೇಲೆ ಎದೆಯೊಳಗಿನ ಪೀಪಿ ಶುರುವಾಯಿತು. ಗಾಳಿ ಒಳಗೆ ಬರಲು ಒಪ್ಪಲಿಲ್ಲ, ಹೊರಗೆ ಹೋಗಲೂ ಒಪ್ಪಲಿಲ್ಲ. ಬಿಸಿಲಕೋಲು ಮಸುಕಾಯಿತು. ಆಣೆ ನೆನಪಿತ್ತು. ಆದರೆ ಕೈ ನನ್ನ ಮಾತು ಕೇಳದೆ ಬಾಗಿಲನ್ನು ದೂಡಿತು.

ಹಿತ್ತಲ ಬೆಳಕಿಗೆ ಬಂದು ಬೇವಿನ ಗಿಡ ಹಿಡಿದು ನಿಂತೆ. ಉಸಿರು ಹತ್ತಲಿಲ್ಲ. ನೀರು ಕುಡಿದರೆ ಸರಿಯಾದೀತೆಂದು ಅಡುಗೆಮನೆಯ ಹಿಂಬಾಗಿಲ ತನಕ ಬಂದೆ. ಅವ್ವ ಅಲ್ಲಿರಲಿಲ್ಲ, ಪಡಸಾಲೆಯ ಬಾಗಿಲ ಮರೆಗೆ ನಿಂತಿದ್ದಳು. ಬಂದವರ ಮಾತು ಈಗ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹುಡುಗನ ಸೋದರಮಾವ, "ಶಿರಾ ಭಾಳ ಚಲೋ ಆಗೇತ್ರಿ. ಕನ್ಯಾ ಮಾಡಿದ್ದೋ, ಕನ್ಯಾದ ಅವ್ವ ಮಾಡಿದ್ದೋ, ಈಗ ಹೇಳಿಬಿಡ್ರಿ. ಮುಂದ ಪಜೀತಿ ಆಗಬಾರದು!" ಎಂದು ನಗೆಯಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆ ನಗುವಿನ ನಡುವೆ ನನ್ನ ಕೆಮ್ಮು ಒಡೆದುಕೊಂಡು ಬಂತು. ನಿಲ್ಲಲೇ ಇಲ್ಲ.

ಪಡಸಾಲೆಯಲ್ಲಿ ನಗು ನಿಂತಿತು.

"ಯಾರ್ರಿ ಅದು?" ಒಂದು ಹೆಣ್ಣುದನಿ ಕೇಳಿತು. ಅದು ಹುಡುಗನ ತಾಯಿ. "ಕೂಸು ಭಾಳ ಕೆಮ್ಮಾಕತ್ತೇತಲ್ಲ."

ಅಪ್ಪನ ದನಿ ತಡಮಾಡದೆ ಬಂತು: "ನಮ್ಮದಲ್ರಿ ಅಕ್ಕಾರ. ಬಾಜೂ ಮನಿ ಕೂಸು. ಆಟಕ್ಕ ಬಂದಿರಬೇಕು."

ಮಕ್ಕಳೇ, ಆಮೇಲೆ ನಾನು ಎಷ್ಟೋ ಊರು ನೋಡಿದೆ, ದೊಡ್ಡ ದುಃಖಗಳನ್ನೂ ನೋಡಿದೆ. ಆದರೂ ಕಣ್ಣುಮುಚ್ಚಿದರೆ ಆ ಹಿಂಬಾಗಿಲ ಕಟ್ಟೆ ಕಾಣುತ್ತದೆ. ನೀರಿನ ತಂಬಿಗೆಯ ತಣ್ಣನೆಯ ಕಂಠ ನನ್ನ ಕೈಯಲ್ಲಿದೆ. ಅಪ್ಪ ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಿತ್ತು. ಆದರೂ ಒಂದು ಕ್ಷಣ ನಾನು ಬಾಜೂ ಮನೆಯ ಕಡೆ ನೋಡಿದೆ, ಅಲ್ಲಿಗೆ ಹೋಗಬೇಕೇನೋ ಎನ್ನುವ ಹಾಗೆ.

ಆಗ ಅಕ್ಕ ಮಾತಾಡಿದಳು. ನೋಡಲು ಬಂದವರ ಮುಂದೆ ಕನ್ಯೆ ತಲೆ ತಗ್ಗಿಸಿ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು. ದೊಡ್ಡವರು ಏಳೆನ್ನುವ ತನಕ ಏಳಬಾರದು. ಅಕ್ಕ ಸೆರಗು ಸರಿಮಾಡಿಕೊಂಡು, "ಬಾಜೂ ಮನಿದಲ್ರಿ. ನನ್ನ ತಂಗಿ" ಅಂದಳು. ಅಂದವಳೇ ಮಣೆ ಬಿಟ್ಟು ಎದ್ದು ಬಂದಳು. ಇಳಕಲ್ ಸೀರೆಯ ಸರಸರ ಸದ್ದು ಅಡುಗೆಮನೆ ದಾಟಿ ನನ್ನ ಹತ್ತಿರ ಬಂತು. ನನ್ನನ್ನು ಕಟ್ಟೆಯ ಮೇಲೆ ನೆಟ್ಟಗೆ ಕೂಡಿಸಿ ಬೆನ್ನು ನೀವಿದಳು. "ಸಾವಕಾಶ, ಸಾವಕಾಶ. ಮೂಗಿನಿಂದ ತಗೋ." ನಾನು ಅಳುತ್ತ, "ಆಣಿ ಮುರದೆ, ಯಕ್ಕಾ" ಅಂದೆ. "ಆಣಿ ಗೀಣಿ ಇರಲಿ. ಮೊದಲು ಉಸರ ತಗೋ" ಅಂದಳು.

ನಮ್ಮ ಹಿಂದೆ ಹುಡುಗನ ತಾಯಿ ಬಂದು ನಿಂತಿದ್ದರು. ತೆಳ್ಳಗಿನ ಹೆಂಗಸು, ಹಣೆತುಂಬ ಕುಂಕುಮ. ಅವರ ಹಿಂದೆ ಅವ್ವ, ಅವ್ವನ ಹಿಂದೆ ಅಪ್ಪ. ಹುಡುಗನ ತಾಯಿ ಬಗ್ಗಿ ನನ್ನ ಕೂದಲಿನಿಂದ ಏನೋ ಹೆಕ್ಕಿದರು. ಅಂಗೈಯಲ್ಲಿಟ್ಟು ನೋಡಿದರು. ಕಡಲೆಹೊಟ್ಟು. ನನ್ನ ಹೆಗಲ ಮೇಲೆ, ಲಂಗದ ಮೇಲೆ, ರೆಪ್ಪೆಗಳ ಮೇಲೆಯೂ ಅದೇ ಇತ್ತು. ತೆರೆದ ಕೋಣೆಯ ಬಾಗಿಲನ್ನೂ ಅವರು ಒಮ್ಮೆ ನೋಡಿದರು.

"ಈ ಕೂಸಿನ್ನ ಹೊಟ್ಟಿನ್ಯಾಗ ಮುಚ್ಚಿಟ್ಟಿದ್ರೇನ್ರಿ?" ದನಿ ಏರಲಿಲ್ಲ.

ಅಪ್ಪ, "ಹಂಗಲ್ರಿ ಅಕ್ಕಾರ... ಡಾಕ್ಟರು ಹೇಳ್ಯಾರ, ಆ ರೋಗ ಅಲ್ಲ ಅಂತ. ಫೋಟೋ ಐತಿ, ತೋರಸ್ತೇನಿ" ಎಂದು ಪೆಟ್ಟಿಗೆಯ ಕಡೆ ಹೊರಟ.

"ಫೋಟೋ ಬ್ಯಾಡ್ರಿ. ಕೆಮ್ಮು ಯಾರ ಮನ್ಯಾಗ ಇರೂದಿಲ್ಲ? ರೋಗ ಇದ್ರ ಔಷಧ ಇರತೈತಿ. ಹಡದ ಕೂಸಿನ್ನ ನಮ್ಮದಲ್ಲ ಅಂದ್ರ ಅದಕ್ಕ ಏನ ಔಷಧ ಕೊಡೂದು?" ಅಂದರು ಆಕೆ. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿ, "ನೀ ಚಲೋ ಹುಡುಗಿ ಅದೀ, ನನ್ನವ್ವ" ಎಂದು ಒಳಗೆ ಹೋದರು.

ಅವರು ಪೊಲೈಟ್ ಆಗಿಯೇ ಹೊರಟರು. ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಅಂದರು. ಹಾಗೆಂದರೆ ಏನರ್ಥ ಎಂದು ನನ್ನಂಥ ಕೂಸಿಗೂ ಗೊತ್ತಿತ್ತು. ಚಪ್ಪಲಿ ಮೆಟ್ಟುವಾಗ ಆ ಮಾಸ್ತರ ಒಮ್ಮೆ ತಿರುಗಿ ಬಾಗಿಲ ಕಡೆ ನೋಡಿದ. ಏನೋ ಹೇಳುವವನ ಹಾಗೆ ನಿಂತ. ಸೋದರಮಾವ, "ನಡಿಯೋ, ಬಸ್ಸು ಹೋಗತೈತಿ" ಅಂದ. ಅವನು ಹೋದ.

ಪತ್ರ ಬರಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚಲೋ ಇತ್ತು! ಮನೆ ತುಂಬ ಜನರಿದ್ದರೂ ಆ ದಿನಗಳಲ್ಲಿ ಪ್ರತಿಯೊಬ್ಬರೂ ಒಬ್ಬೊಬ್ಬರೇ ಇದ್ದರು. ಆಯಿ ಶಾಖ ಕೊಡುವಾಗ ನನ್ನ ಕಣ್ಣು ನೋಡುತ್ತಿರಲಿಲ್ಲ. ಅಪ್ಪ ನಾನಿರುವ ಕಡೆಗೆ ಬಂದವನು, ಕೆಮ್ಮು ಕೇಳಿದೊಡನೆ ತಿರುಗಿ ಹೊಲಕ್ಕೆ ಹೋಗುತ್ತಿದ್ದ. ಅಕ್ಕ ಮೊದಲಿನಂತೆಯೇ ನನ್ನ ತಾಟಿನಿಂದ ರೊಟ್ಟಿ ಮುರಿಯುತ್ತಿದ್ದಳು. ಆದರೆ ಜೋಳದ ಚೀಲದ ಹಿಂದಿನ ಪುಸ್ತಕಗಳನ್ನು ಅವಳು ತೆಗೆದದ್ದನ್ನು ನಾನು ಆಮೇಲೆ ನೋಡಲಿಲ್ಲ. ಎರಡು ವರ್ಷದ ಮೇಲೆ ರಾಮದುರ್ಗದ ಕಡೆಯ ಮನೆತನಕ್ಕೆ ಅವಳನ್ನು ಕೊಟ್ಟರು. ಒಳ್ಳೆಯ ಜನ, ಉಣ್ಣಲು ಉಡಲು ಕೊರತೆಯಿರಲಿಲ್ಲ. ಓದಿನ ಮಾತು ಅಲ್ಲಿ ಯಾರೂ ಎತ್ತಲಿಲ್ಲ.

ಅವಳ ಮದುವೆಯಾದ ವರ್ಷವೇ ಜೂನ್‌ನಲ್ಲಿ ಅಪ್ಪ ನನ್ನನ್ನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದ. ಊರವರಿಗೆ ಆಶ್ಚರ್ಯವಾಯಿತು. ನನಗೆ ಇಂಗ್ಲಿಷ್ ಬರಲಿ ಅಂತಲೋ, ಕೆಮ್ಮು ತನ್ನ ಕಿವಿಗೆ ಬೀಳದಿರಲಿ ಅಂತಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಿಳಿಯ ಗೋಡೆ, ತೊಳೆದ ನೆಲ, ಡಾರ್ಮಿಟರಿಯಲ್ಲಿ ಸಾಲು ಸಾಲು ಕಬ್ಬಿಣದ ಮಂಚ. ಅಲ್ಲಿ ಕೆಮ್ಮು ನಿಂತುಹೋಯಿತು. ರಜೆಗೆ ಮನೆಗೆ ಬಂದು ಹೊಟ್ಟಿನ ಕೋಣೆಯ ಮುಂದೆ ಹಾದರೆ ಮತ್ತೆ ಹಾಜರು! ಒಬ್ಬ ಸಿಸ್ಟರ್ ಇದನ್ನು ಗಮನಿಸಿ ಅಪ್ಪನಿಗೆ ಕಾಗದ ಬರೆದರು: ಧೂಳು ಇವಳಿಗೆ ಆಗುವುದಿಲ್ಲ, ರಾಶಿಯ ಕಾಲದಲ್ಲಿ ಕರೆದೊಯ್ಯಬೇಡಿ. ಅಂದಿನಿಂದ ನನ್ನ ರಜೆಗಳು ಸಣ್ಣವಾದವು. ಎಲ್ಲ ಹುಡುಗಿಯರೂ ಹೋದ ಮೇಲೆ ಆ ಉದ್ದನೆಯ ಡಾರ್ಮಿಟರಿಯಲ್ಲಿ ನನ್ನದೊಂದೇ ಮಂಚದ ಮೇಲೆ ಹಾಸಿಗೆ ಇರುತ್ತಿತ್ತು. ಚೆನ್ನಾಗಿ ಉಸಿರಾಡುತ್ತ ಮಲಗಿ, ಉಸಿರು ಕಟ್ಟುವ ಆ ಮನೆಯನ್ನೇ ನೆನೆಯುತ್ತಿದ್ದೆ.

ತಿಂಗಳಿಗೊಮ್ಮೆ ಅಪ್ಪ ನೋಡಲು ಬರುತ್ತಿದ್ದ. ಭೇಟಿಗೆ ಬಂದವರು ಕೂರುವ ಪಾರ್ಲರಿನ ಬಾಗಿಲಲ್ಲಿ ಕೂತ ಸಿಸ್ಟರ್‌ಗೆ ಅವನ ಪರಿಚಯ ಚೆನ್ನಾಗಿಯೇ ಇತ್ತು. ಯಾರನ್ನು ನೋಡಬೇಕು ಎಂದು ಅವರು ಕೇಳುತ್ತಲೂ ಇರಲಿಲ್ಲ. ಆದರೂ ಅಪ್ಪ ತಲೆಯ ಪಟಕಾ ಸರಿಮಾಡಿಕೊಂಡು, ವರಾಂಡದ ಆ ತುದಿಗೆ ಕೇಳುವಷ್ಟು ಗಟ್ಟಿಯಾಗಿ ನನ್ನ ಪೂರ್ತಿ ಹೆಸರು ಹೇಳಿ, "ನನ್ನ ಮಗಳ್ರಿ" ಅನ್ನುತ್ತಿದ್ದ. ಸ್ವಲ್ಪ ತಡೆದು ಮತ್ತೊಮ್ಮೆ, "ನನ್ನ ಮಗಳು" ಅನ್ನುತ್ತಿದ್ದ. ಒಳಗೆ ಕುಳಿತ ನನಗೆ ನಾಚಿಕೆಯಾಗುತ್ತಿತ್ತು. ಉಳಿದ ಹುಡುಗಿಯರು ನಗುತ್ತಿದ್ದರು. ಅಪ್ಪ ಪ್ರತಿ ಸಲ ಅದನ್ನೇ ಮಾಡಿದ. ಸಾಲಿ ಮುಗಿಯುವ ತನಕ.

ನಿಮ್ಮ ಕಾಲ ಬೇರೆ. ಬೈಲಹೊಂಗಲದ ಈ ಮನೆಯಲ್ಲಿ ಎತ್ತೂ ಇಲ್ಲ, ಹೊಟ್ಟೂ ಇಲ್ಲ. ರಸ್ತೆಯ ಧೂಳು ಮಾತ್ರ ಬೇಕಾದಷ್ಟಿದೆ. ನಿಮ್ಮೊಳಗೆ ಪುಟ್ಟಿಗೂ ನನ್ನದೇ ಎದೆ ಬಂದಿದೆ. ಆದರೆ ಅವಳ ಕೆಮ್ಮಿಗೆ ಅಲರ್ಜಿ ಎನ್ನುವ ಹೆಸರಿದೆ, ಇನ್ಹೇಲರ್ ಇದೆ, ಅದಕ್ಕೆ ಜೋಡಿಸುವ ಸ್ಪೇಸರ್ ಇದೆ. ಸ್ಪೇಸರಿನ ಮೇಲೆ ಅವಳು ಚಿಟ್ಟೆಯ ಸ್ಟಿಕರ್ ಅಂಟಿಸಿಕೊಂಡಿದ್ದಾಳೆ. ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. ಕೆಮ್ಮು ಬಂದರೆ ಗೆಳತಿಯೇ ಚೀಲದಿಂದ ತೆಗೆದು ಕೊಡುತ್ತಾಳಂತೆ.

ಹೋದ ಭಾನುವಾರ ನಮ್ಮ ಮನೆಗೆ ನಿಮ್ಮಮ್ಮನ ಕಾಲೇಜಿನವರು ಬಂದರಲ್ಲ. ಬೆಲ್ ಆಯಿತು. ಒಳಕೋಣೆಯಲ್ಲಿ ಪುಟ್ಟಿ ಕೆಮ್ಮುತ್ತಿದ್ದಳು. ನಾನು ಎದ್ದು ಹೋಗಿ ಆ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದು ಹಾಕಿದೆ. ಹಾಕಿದ ಮೇಲೆ ನನ್ನ ಕೈ ನನಗೆ ಕಂಡಿತು. ಅಷ್ಟರಲ್ಲಿ ಪುಟ್ಟಿ ಬಾಗಿಲು ತೆರೆದುಕೊಂಡು, ಸ್ಪೇಸರ್ ಹಿಡಿದುಕೊಂಡೇ ಹಾಲಿಗೆ ಬಂದಳು. ಬಂದವರು ಯಾಕೆ ಕೆಮ್ಮು ಎಂದು ಕೇಳಿದರು. ನಿಮ್ಮಮ್ಮ ಕಪ್ಪುಗಳಿಗೆ ಚಹಾ ಹಾಕುತ್ತಲೇ, "ನನ್ನ ಮಗಳ್ರಿ, ಡಸ್ಟ್ ಅಲರ್ಜಿ ಐತಿ" ಎಂದು ಹೇಳಿ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು. ಅಷ್ಟೇ. ಮಾತು ಮುಂದಕ್ಕೆ ಹೋಯಿತು. ನಾನೊಬ್ಬಳೇ ಹೋಗಿ ಅಡುಗೆಮನೆಯಲ್ಲಿ ನಿಂತುಕೊಂಡೆ.

ಅವರು ಹೋದ ಮೇಲೆ ಪುಟ್ಟಿ ಬಂದು, "ಅಜ್ಜಿ, ನನ್ನ ರೂಮಿನ ಬಾಗಲಾ ಯಾಕ ಹಾಕಿದಿ?" ಎಂದು ಕೇಳಿದಳು. ಗಾಳಿ ಬರುತ್ತಿತ್ತು ಅಂದೆ. ಗಾಳಿ ಬರುತ್ತಿರಲಿಲ್ಲ, ಪುಟ್ಟಿ. ಆ ಸುಳ್ಳು ಮನಸ್ಸಿನಲ್ಲಿ ಕೂತದ್ದರಿಂದಲೇ ಇಷ್ಟೆಲ್ಲ ಬರೆದೆ. ಮುಂದಿನ ಸಲ ಬೆಲ್ ಆದಾಗ ನಾನು ನಿನ್ನ ಬಾಗಿಲ ಹತ್ತಿರ ಬಂದರೆ, ನನ್ನ ಕೈ ಹಿಡಿದುಕೊಂಡುಬಿಡು.